ರಾಗಿ ಹೂ ಬಿಡುವ ಹೊತ್ತು

ಕೇಳುಗರಿಗೆ ನಮಸ್ಕಾರ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ರಾಗಿ ಕಾಣದ ಮನೆ ಅಪರೂಪ. ಆದರೂ ರಾಗಿ ಯಾವಾಗ ಹೂ ಬಿಡುತ್ತದೆ ಎಂದು ಕೇಳಿದರೆ ತಿಂಗಳು ಹೇಳುವವರು ಸಿಗುತ್ತಾರೆ, ಹೊತ್ತು ಹೇಳುವವರು ಕಡಿಮೆ. ಅದು ಅರಳುವುದು ನಡುರಾತ್ರಿ ಕಳೆದ ಮೇಲೆ, ಸುಮಾರು 1 ಗಂಟೆಯಿಂದ ಬೆಳಗಿನ ಜಾವ 5ರೊಳಗೆ. ಕೋಳಿ ಕೂಗುವ ಹೊತ್ತಿಗೆ ತನ್ನ ಪರಾಗವನ್ನು ತಾನೇ ಹಚ್ಚಿಕೊಂಡು ಕೆಲಸ ಮುಗಿಸಿರುತ್ತದೆ. ತೆನೆಯ ತುದಿಯಿಂದ ಶುರುವಾಗಿ ಬುಡದವರೆಗೆ ಅರಳಲು ಎಂಟು-ಹತ್ತು ದಿನ ಬೇಕು.

ಇದನ್ನು ಕೇಳಿ ‘ಹಾಗಾದರೆ ಎರಡು ರಾಗಿ ತಳಿಗಳನ್ನು ಕೂಡಿಸುವುದು ಹೇಗೆ?’ ಎಂಬ ಪ್ರಶ್ನೆ ನಿಮಗೆ ಎದ್ದಿದ್ದರೆ, ಸಸ್ಯ ವಿಜ್ಞಾನ ನಿಮ್ಮನ್ನು ಆಗಲೇ ಹಿಡಿದುಕೊಂಡಿದೆ ಎಂದು ತಿಳಿಯಿರಿ. ಪಿಯುಸಿ, ಬಿಎಸ್ಸಿ ಓದುತ್ತಿರುವ ಮಕ್ಕಳಿಗಾಗಿ ಆ ಪ್ರಶ್ನೆಯ ಹಿಂದೆಯೇ ಸ್ವಲ್ಪ ದೂರ ಹೋಗೋಣ.

ರಾಗಿ ಹೂ ಎಷ್ಟು ಸಣ್ಣದೆಂದರೆ, ಇಕ್ಕಳ ಹಿಡಿದು ಒಂದೊಂದರ ಪರಾಗ ಹೊತ್ತ ಕೇಸರ ಕೀಳುತ್ತ ಕೂತರೆ ದಿನಕ್ಕೆ ಬೆರಳೆಣಿಕೆಯಷ್ಟು ಹೂ ಮುಗಿಯುತ್ತವೆ. ಅದಕ್ಕೆ ತಳಿ ವಿಜ್ಞಾನಿಗಳು ಬಿಸಿನೀರಿನ ಮೊರೆ ಹೋದರು. ಹೊಡೆಯಿಂದ ಆಗತಾನೆ ಹೊರಬಂದ ತೆನೆಯನ್ನು 52 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 5 ನಿಮಿಷ ಅದ್ದಿದರೆ ಪರಾಗ ಸಾಯುತ್ತದೆ, ಬೇರೆ ತಳಿಯ ಪರಾಗ ಹಚ್ಚಲು ಹೆಣ್ಣು ಭಾಗ ಉಳಿಯುತ್ತದೆ. ನೀರು ಹೆಚ್ಚು ಕಾದರೆ ಅದೂ ಬೆಂದು ಕಾಳು ಕಟ್ಟುವುದಿಲ್ಲ. ಕಡಿಮೆ ಕಾದರೆ ಸ್ವಂತ ಪರಾಗ ಬದುಕಿಕೊಂಡು, ಸಂಕರವಾಯಿತು ಎಂದುಕೊಂಡ ಕಾಳೆಲ್ಲ ತಾಯಿಯ ನಕಲಾಗಿಬಿಡುತ್ತದೆ. ಈ ಮೋಸ ಪತ್ತೆ ಮಾಡಲು ಒಂದು ಉಪಾಯವಿದೆ. ತಾಯಿಗೆ ಹಸಿರು ಗಿಣ್ಣಿನ ತಳಿ, ತಂದೆಗೆ ನೇರಳೆ ಗಿಣ್ಣಿನ ತಳಿ ಆರಿಸಿಕೊಳ್ಳುವುದು. ನೇರಳೆ ಬಣ್ಣ ಪ್ರಬಲ ಗುಣ. ಮುಂದಿನ ಪೈರಿನಲ್ಲಿ ಗಿಣ್ಣು ನೇರಳೆಯಾಗಿದ್ದ ಗಿಡವೇ ನಿಜವಾದ ಸಂಕರ, ಉಳಿದದ್ದನ್ನು ಕಿತ್ತುಹಾಕಬಹುದು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿದ್ದು ಇಷ್ಟು ಸಣ್ಣ ಹೂವಿನಲ್ಲಿಯೇ. ಇಂಡಿಯಾ, ಆಫ್ರಿಕ ಎರಡೂ ಸೇರಿ ಆ ತಳಿಗಳಿಗೆ ‘ಇಂಡಾಫ್’ ಎಂದು ಹೆಸರಾಯಿತು.

ಆಸಕ್ತಿ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳಲು ಪ್ರಯೋಗಶಾಲೆ ಬೇಕಿಲ್ಲ. 100 ಕಾಳು ರಾಗಿ ಎಣಿಸಿ, ಒದ್ದೆ ಕಾಗದದ ಮೇಲೆ ಒಂದಕ್ಕೊಂದು ತಾಗದಂತೆ ಹರಡಿ, ಮುಚ್ಚಿಡಿ. ನಾಲ್ಕನೆಯ ದಿನ ಒಮ್ಮೆ, ಎಂಟನೆಯ ದಿನ ಇನ್ನೊಮ್ಮೆ ಮೊಳಕೆ ಎಣಿಸಿ. ಬೇರು, ಚಿಗುರು ಎರಡೂ ನೆಟ್ಟಗೆ ಬಂದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ. ಇಲ್ಲಿ ಕೆಡಿಸುವುದು ಬಹುಮಟ್ಟಿಗೆ ಅತಿಯಾದ ನೀರು. ಕಾಗದದ ಮೇಲೆ ನೀರು ನಿಂತರೆ ಕಾಳಿಗೆ ಉಸಿರು ಕಟ್ಟುತ್ತದೆ, ಬೂಷ್ಟು ಹತ್ತುತ್ತದೆ. ಕಾಗದ ಒತ್ತಿದರೆ ಬೆರಳು ಒದ್ದೆಯಾಗಬೇಕು, ಹನಿ ತೊಟ್ಟಿಕ್ಕಬಾರದು. ಇದನ್ನೇ ನಾಲ್ಕು ಸಲ ಮಾಡಿ. ನಾಲ್ಕು ಸಲವೂ ಬೇರೆ ಬೇರೆ ಅಂಕಿ ಬರುತ್ತದೆ. ಆ ವ್ಯತ್ಯಾಸ ಕಂಡು ಬೇಸರವಾಗುತ್ತದೋ, ಕುತೂಹಲ ಹುಟ್ಟುತ್ತದೋ ಗಮನಿಸಿ.

ಹೊಲಕ್ಕೆ ಹೋದರೆ ಕಥೆ ಇನ್ನೂ ಸ್ವಾರಸ್ಯ. ಎರಡು ತಳಿಗಳಲ್ಲಿ ಯಾವುದು ಹೆಚ್ಚು ತೆಂಡೆ, ಅಂದರೆ ಬುಡದಿಂದ ಒಡೆಯುವ ಮರಿ, ಹೊಡೆಯುತ್ತದೆ ಎಂದು ನೋಡಬೇಕು ಎನ್ನಿ. ಮೊದಲನೆಯದನ್ನು ಮೇಲಿನ ಹೊಲಕ್ಕೆ, ಎರಡನೆಯದನ್ನು ಕೆರೆ ಕಡೆಯ ತಗ್ಗಿಗೆ ಹಾಕಿದರೆ ನೀವು ಅಳೆಯುವುದು ತಳಿಯನ್ನಲ್ಲ, ತಗ್ಗಿನ ತೇವವನ್ನು. ಇಳಿಜಾರಿಗೆ ಅಡ್ಡಲಾಗಿ ನಾಲ್ಕು ಪಟ್ಟಿ ಮಾಡಿ, ಪ್ರತಿ ಪಟ್ಟಿಯಲ್ಲೂ ಎರಡು ತಳಿಗೂ ಜಾಗ ಕೊಡಿ. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿ. ಸಾಲಿನಿಂದ ಸಾಲಿಗೆ 30 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 10 ಸೆಂಟಿಮೀಟರ್ ಇರಲಿ. ಅಂಚಿನ ಸಾಲುಗಳನ್ನು ಅಳೆಯಬೇಡಿ. ಅಲ್ಲಿ ಬಿಸಿಲು, ಜಾಗ ಹೆಚ್ಚು ಸಿಕ್ಕಿ ಗಿಡ ಸುಳ್ಳು ಹೇಳುತ್ತದೆ. ಒಳಗಿನ ಸಾಲಿನಲ್ಲಿ ಐದು ಗಿಡಗಳಿಗೆ ಮೊದಲೇ ದಾರ ಕಟ್ಟಿಡಿ. ಆಮೇಲೆ ಆರಿಸಲು ಹೊರಟರೆ ಕಣ್ಣು ಚೆನ್ನಾಗಿರುವ ಗಿಡದ ಮೇಲೆಯೇ ಬೀಳುತ್ತದೆ. ದೊಡ್ಡವರ ಲೆಕ್ಕವೂ ಇಲ್ಲಿ ಎಡವಿದ್ದುಂಟು.

ಕಾಡುಗಿಡಗಳ ಮೇಲೆ ಮನಸ್ಸಿರುವ ತುಮಕೂರಿನವರಿಗೆ ದೇವರಾಯನದುರ್ಗ ಹತ್ತಿರವೇ ಇದೆ. ಆದರೆ ಮೀಸಲು ಅರಣ್ಯದಲ್ಲಿ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಒಂದು ರೆಂಬೆಯನ್ನೂ ಕೀಳಬಾರದು. ಬೇಲಿ, ಬದುವಿನ ಗಿಡಗಳಿಂದ ಶುರು ಮಾಡಿ. ಹೂ ಅಥವಾ ಕಾಯಿ ಇರುವ ರೆಂಬೆಯನ್ನು ಹಳೆಯ ಪೇಪರಿನ ನಡುವೆ ಇಟ್ಟು ಒತ್ತಿ. ಒಂದೆರಡು ಎಲೆಗಳನ್ನು ಮಗುಚಿ ಬೆನ್ನು ಕಾಣುವಂತೆ ಇಡಿ. ಮೊದಲ ವಾರ ದಿನಾ ಪೇಪರ್ ಬದಲಾಯಿಸದಿದ್ದರೆ ಎಲೆ ಕಪ್ಪಾಗಿ ಬೂಷ್ಟು ಹಿಡಿಯುತ್ತದೆ. ಹೂವಿನ ಬಣ್ಣ, ಹಾಲು ಒಸರುತ್ತದೆಯೇ, ವಾಸನೆ ಹೇಗೆ ಎಂಬುದನ್ನು ಅಲ್ಲೇ ಬರೆದುಕೊಳ್ಳಿ. ಒಣಗಿದ ಮೇಲೆ ಅವು ಯಾವುವೂ ಉಳಿಯುವುದಿಲ್ಲ.

ಇನ್ನು ಓದಿನ ದಾರಿ. ಪಿಯುಸಿ ವಿಜ್ಞಾನದ ನಂತರ ಸಿಇಟಿ ಮೂಲಕ ನಾಲ್ಕು ವರ್ಷದ ಕೃಷಿ ಅಥವಾ ತೋಟಗಾರಿಕೆ ಪದವಿಗೆ ಹೋಗಬಹುದು. ಕೋಲಾರದಲ್ಲೇ ತೋಟಗಾರಿಕೆ ಕಾಲೇಜಿದೆ. ಊರಿನ ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ ಎಂಎಸ್ಸಿಗೆ ಹೋಗುವುದೂ ಕೆಳಗಿನ ದಾರಿಯೇನಲ್ಲ, ಖರ್ಚೂ ಕಡಿಮೆ. ಎಂಎಸ್ಸಿ ನಂತರ ಸಂಶೋಧನೆಗೆ ದಾರಿ ಮಾಡುವ ರಾಷ್ಟ್ರಮಟ್ಟದ ಸಿಎಸ್‌ಐಆರ್ ನೆಟ್ ಪರೀಕ್ಷೆ. ಜೀವ ವಿಜ್ಞಾನದ ಪತ್ರಿಕೆಗೆ 200 ಅಂಕ, ಅದರಲ್ಲಿ ಅರ್ಧ, ಅಂದರೆ 100 ಅಂಕ, ಮೂರನೆಯ ಭಾಗದ 25 ಪ್ರಶ್ನೆಗಳಿಗೆ. ಅಲ್ಲಿ ಬಾಯಿಪಾಠ ನಡೆಯುವುದಿಲ್ಲ, ಪ್ರಯೋಗದ ಫಲಿತಾಂಶ ಕೊಟ್ಟು ಅರ್ಥ ಕೇಳುತ್ತಾರೆ. ಅದರಲ್ಲಿ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್, ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆಯವರಿಗೆ ಈ ಅಂಕಿಯನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಪ್ರಯೋಗಶಾಲೆ ಸೇರಿದ ಮೊದಲ ವರ್ಷ ಕೆಟ್ಟುಹೋಗುವ ಕೆಲಸವೇ ಹೆಚ್ಚು. ಗಿಡದ ಸಣ್ಣ ತುಂಡಿನಿಂದ ಹೊಸ ಗಿಡ ಬೆಳೆಸುವ ಅಂಗಾಂಶ ಕೃಷಿಯ ಮಾಧ್ಯಮಕ್ಕೆ ಲೀಟರಿಗೆ 30 ಗ್ರಾಂ ಸಕ್ಕರೆ, ಅದನ್ನು ಗಟ್ಟಿ ಮಾಡಲು ಸುಮಾರು 8 ಗ್ರಾಂ ಅಗರ್ ಹಾಕುತ್ತಾರೆ. ಹುಳಿಯ ಅಳತೆಯಾದ ಪಿಎಚ್ ಅನ್ನು 5.8ಕ್ಕೆ ತರಬೇಕು, ಅದೂ ಅಗರ್ ಹಾಕುವ ಮೊದಲು. ಮರೆತು ಪಿಎಚ್ ತೀರಾ ಇಳಿದರೆ ಅಗರ್ ಗಟ್ಟಿಯಾಗದೆ ಗಂಜಿಯಾಗುತ್ತದೆ. ಮಾವಿನ ಬಲಿತ ಎಲೆಯಿಂದ ಡಿಎನ್‌ಎ ತೆಗೆಯಲು ಹೋದರೆ ಕಂದು ಬಣ್ಣದ ಲೋಳೆ ಸಿಗುತ್ತದೆ, ಎಳೆಯ ಚಿಗುರೆಲೆ ತಂದರೆ ಅರ್ಧ ತೊಂದರೆ ಕಳೆಯುತ್ತದೆ. ಇಂಥ ಸಂಗತಿ ಪುಸ್ತಕದಲ್ಲಿ ಒಂದು ಸಾಲಿರುತ್ತದೆ, ಕೈಗೆ ಹತ್ತಲು ತಿಂಗಳುಗಳು ಬೇಕು.

ಡಿಗ್ರಿಯಲ್ಲಿರುವಾಗಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ ಇತರ ಅಕಾಡೆಮಿಗಳ ಜೊತೆ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ, ಎರಡು ತಿಂಗಳು ವಿಜ್ಞಾನಿಯೊಬ್ಬರ ಜೊತೆ ಕೆಲಸ ಸಿಗುತ್ತದೆ. ಅರ್ಜಿಯಲ್ಲಿ ‘ನನಗೆ ಗಿಡಗಳೆಂದರೆ ಪ್ರಾಣ’ ಎಂದು ಬರೆಯುವವರು ಬೇಕಾದಷ್ಟು ಜನ. ನೀವು ಬರೆಯಬೇಕಾದದ್ದು ಎಂಟನೆಯ ದಿನ 100 ಕಾಳಿನಲ್ಲಿ ಎಷ್ಟು ಮೊಳೆತವು, ಮೊಳೆಯದವು ಏಕೆ ಮೊಳೆಯಲಿಲ್ಲ ಎಂದು ನಿಮಗನ್ನಿಸುತ್ತದೆ, ಅದನ್ನು ಪರೀಕ್ಷಿಸಲು ಮುಂದೆ ಏನು ಮಾಡುವಿರಿ ಎಂಬುದನ್ನು. ಒಂದು ಪುಟ ಸಾಕು.

ನಮಸ್ಕಾರ.