ಜಲವರ್ಣದಲ್ಲಿ ಅರಮನೆಯ ದೀಪಗಳು

ಈಗ ಟೇಬಲ್ ಮೇಲಿರೋದು ಮೈಸೂರು ಅರಮನೆ. ನಿಮಗೆ ಕಾಣ್ತಿರೋದು ಬರೀ ಚುಕ್ಕಿಗಳು, ಗೊತ್ತು. ಅದು ಮಾಸ್ಕಿಂಗ್ ಫ್ಲೂಯಿಡ್. ಒಣಗಿದ್ರೆ ರಬ್ಬರ್ ಥರ ಆಗುತ್ತೆ. ಅದು ಕೂತ ಜಾಗಕ್ಕೆ ಬಣ್ಣ ಹತ್ತಲ್ಲ. ಆಮೇಲೆ ಬೆರಳಲ್ಲಿ ಉಜ್ಜಿ ತೆಗೆದ್ರೆ ಕೆಳಗೆ ಬಿಳಿ ಪೇಪರ್ ಹಾಗೇ ಸಿಗುತ್ತೆ. ಒಳ್ಳೇ ಬ್ರಷ್ಷನ್ನ ಮಾತ್ರ ಇದರೊಳಗೆ ಅದ್ದಬೇಡಿ, ಹಾಳಾಗುತ್ತೆ. ನಾನು ನಿಬ್ ಪೆನ್ನಲ್ಲಿ ಇಟ್ಟಿದ್ದೀನಿ.

ಅರಮನೆಗೆ ಹತ್ತಿರ ಹತ್ತಿರ 1 ಲಕ್ಷ ಬಲ್ಬ್ ಇವೆ ಅಂತಾರೆ. ಅಷ್ಟನ್ನೂ ಇಡೋಕೆ ಹೋಗಿಲ್ಲ, ಹೆದರಬೇಡಿ! ಆ ಬಲ್ಬುಗಳು ಇರೋ ರೀತಿ ನೋಡಿ. ಫ್ಲಡ್‌ಲೈಟ್ ಥರ ಗೋಡೆ ಮೇಲೆ ಬೆಳಕು ಚೆಲ್ಲಲ್ಲ. ಕಮಾನಿನ ಅಂಚು, ಗುಮ್ಮಟದ ಮೈ, ಗೋಪುರದ ಒಂದೊಂದು ಅಂತಸ್ತು, ಹೀಗೆ ಗೆರೆ ಇರೋ ಕಡೆಯೆಲ್ಲ ಸಾಲಾಗಿ ಕೂತಿವೆ. ಥೇಟ್ ಚುಕ್ಕಿ ರಂಗೋಲಿ. 1897ರಲ್ಲಿ ಮರದ ಹಳೇ ಅರಮನೆ ಸುಟ್ಟು ಹೋಯ್ತು. ಮತ್ತೆ ಬೆಂಕಿ ತಾಗಬಾರದು ಅಂತ ಬ್ರಿಟಿಷ್ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್ ಕೈಲಿ ಕಲ್ಲು, ಕಬ್ಬಿಣದಲ್ಲಿ ಕಟ್ಟಿಸಿದ್ರು. 1912ಕ್ಕೆ ಮುಗೀತು. ಅಷ್ಟು ಗಟ್ಟಿ ಗ್ರಾನೈಟ್ ಇದೆ, ಆದ್ರೆ ರಾತ್ರಿ ಸ್ವಿಚ್ ಹಾಕಿದ ತಕ್ಷಣ ಕಲ್ಲು ಮಾಯ. ಗುಲಾಬಿ ಗುಮ್ಮಟದ ಗುಲಾಬಿನೂ ಮಾಯ. ಹಾಗಾಗಿ ನಾನು ಬಣ್ಣ ಹಚ್ಚೋದು ಅರಮನೆಗಲ್ಲ, ಅದರ ಸುತ್ತ ಇರೋ ಕತ್ತಲೆಗೆ.

ಆ ಕತ್ತಲೆಗೆ ಕಪ್ಪು ಟ್ಯೂಬ್ ಮುಟ್ಟಲ್ಲ. ಕಪ್ಪು ಹಚ್ಚಿದ್ರೆ ಆಕಾಶ ಸತ್ತು ಹೋಗುತ್ತೆ. ಇಂಡಿಗೋ ಅನ್ನೋ ಕಡುನೀಲಿಗೆ ಸ್ವಲ್ಪ ಬರ್ನ್ಟ್ ಸಿಯೆನಾ, ಅಂದ್ರೆ ಕೆಂಪು ಮಿಶ್ರಿತ ಕಂದು ಸೇರಿಸಿ, ಪೇಪರ್ ಒದ್ದೆ ಮಾಡಿ, ಮೇಲಿಂದ ಕೆಳಗೆ ಇಳಿಸ್ತಾ ಬರ್ತೀನಿ. ಗೋಪುರದ ಹತ್ತಿರ ತೆಳು, ಮೂಲೆಗಳಲ್ಲಿ ದಪ್ಪ. ಇದಕ್ಕೆ ಗುರು ಬೇಕಂದ್ರೆ ಪಕ್ಕದಲ್ಲೇ ಇದೆ, ಜಗನ್ಮೋಹನ ಅರಮನೆಯ ಆರ್ಟ್ ಗ್ಯಾಲರಿಯಲ್ಲಿ. ಚಿತ್ರಕಲಾವಿದ ಎಸ್. ಎಲ್. ಹಲ್ದಂಕರ್ ಬರೆದ ದೀಪ ಹಿಡಿದ ಹೆಣ್ಣುಮಗಳು. ಅದೂ ಜಲವರ್ಣವೇ. ದೀಪಕ್ಕೆ ಅಡ್ಡ ಹಿಡಿದ ಬೆರಳುಗಳು ಕೆಂಪಗೆ ಹೊಳೀತವಲ್ಲ, ಅಲ್ಲಿಂದ ಕಣ್ಣು ತೆಗೆದು ಹಿಂದಿನ ಗೋಡೆ ನೋಡಿ. ಕತ್ತಲೆ ಎಷ್ಟು ನಿಧಾನಕ್ಕೆ ಏರುತ್ತೆ ಅಂತ!

ಇನ್ನೊಂದು ಮಾತು. ಸ್ಕೆಚ್ ಮಾಡೋಕೆ ಎಲ್ಲರೂ ದಸರಾಕ್ಕೇ ಹೋಗ್ತಾರೆ. ಭಾನುವಾರಗಳಲ್ಲೂ ದೀಪ ಹಾಕ್ತಾರಲ್ಲ, ನನ್ನ ಕೇಳಿದ್ರೆ ಏಪ್ರಿಲ್, ಮೇ ತಿಂಗಳ ಭಾನುವಾರ ವಾಸಿ. ದಸರಾ ಹೊತ್ತಿಗೆ, ದೀಪ ಹತ್ತೋ 7 ಗಂಟೆಗೆಲ್ಲ ಆಕಾಶ ಪೂರ್ತಿ ಕಪ್ಪಾಗಿರುತ್ತೆ. ಬೇಸಿಗೆಯಲ್ಲಿ ದೀಪ ಹತ್ತೋ ಹೊತ್ತಿಗೂ ನೀಲಿ ಇನ್ನೂ ಉಳಿದಿರುತ್ತೆ, ಗುಮ್ಮಟದ ಆಕಾರ ಆ ನೀಲಿ ಮೇಲೆ ಚೆನ್ನಾಗಿ ಎದ್ದು ಕಾಣುತ್ತೆ. ಜನರ ನೂಕುನುಗ್ಗಲೂ ಕಮ್ಮಿ.

ಸರಿ, ಒಣಗಿದೆ. ಮಾಸ್ಕಿಂಗ್ ಕೀಳೋಣ... ಹಾ, ನೋಡಿ, ಬಂತು ಕಮಾನು! ಇನ್ನು ಈ ಬಿಳಿ ಚುಕ್ಕಿಗಳ ಮೇಲೆ ತೆಳ್ಳಗೆ ಹಳದಿ. ಎಲ್ಲದಕ್ಕೂ ಬೇಡ, ನಡು ಗೋಪುರದ ತುದಿಯವನ್ನ ಬಿಳಿಯಾಗೇ ಬಿಡ್ತೀನಿ. ಅಲ್ಲೇ ತಾನೇ ಮೊದಲು ಕಣ್ಣು ಹೋಗಬೇಕಾದ್ದು.