ಇವನಿಗೆ ಸುಸ್ತಾಗಲ್ವಾ?

ಎಲ್ಲರಿಗೂ ನಮಸ್ಕಾರ. ಮೇ ಡೇಗೆ ಸೋವಿಯತ್ ಚಿತ್ರಕಲೇಲಿ ಕಾರ್ಮಿಕರು ಹೇಗೆ ಕಾಣ್ತಾರೆ ಅನ್ನೋದ್ರ ಬಗ್ಗೆ ಮಾತಾಡಿ, 40 ನಿಮಿಷ ಇದೆ ಅಂದಿದ್ರು, ಈಗ ಚೀಟಿ ಬಂತು 20 ಅಂತ. ಇರ್ಲಿ, ನನಗಿಂತ ಮುಂಚೆ ಮಾತಾಡಿದವರು ಚೆನ್ನಾಗೇ ಮಾತಾಡಿದ್ರು.

ನನ್ನ ವಯಸ್ಸಿನೋರಿಗೆ ಸೋವಿಯತ್ ಲ್ಯಾಂಡ್ ಪತ್ರಿಕೆ ನೆನಪಿರತ್ತೆ, ಅದರ ನುಣುಪು ಹಾಳೇಲಿ ನೋಟ್‌ಬುಕ್‌ಗೆ ಬೈಂಡ್ ಹಾಕ್ತಿದ್ವಲ್ಲ. ನನ್ನ ಗಣಿತದ ಪುಸ್ತಕದ ಮೇಲೆ ವರ್ಷವಿಡೀ ಒಬ್ಬ ವೆಲ್ಡರ್ ನಗ್ತಾ ನಿಂತಿದ್ದ. ಒಳಗಿನ ಮಾರ್ಕ್ಸ್ ನೋಡಿದ್ರೆ ನಗೋ ಹಾಗೇನೂ ಇರ್ಲಿಲ್ಲ, ಕಾರ್ಲ್ ಅಲ್ಲಪ್ಪ, ಪರೀಕ್ಷೇದು. ಆವಾಗಿಂದ ನನಗೆ ಒಂದೇ ಪ್ರಶ್ನೆ, ಇವನಿಗೆ ಸುಸ್ತಾಗಲ್ವಾ?

ರಷ್ಯಾದ ಚಿತ್ರಕಾರ ರೆಪಿನ್ ಬರೆದ ವೋಲ್ಗಾ ನದಿಯ ದೋಣಿ ಎಳೆಯೋರನ್ನ ನೋಡಿ, 1873ರಲ್ಲಿ ಮುಗಿಸಿದ್ದು. 11 ಜನ, ಎದೆಗೆ ಪಟ್ಟಿ, ಮುಂದಿರೋನು ಮೊದಲು ಪಾದ್ರಿಯಾಗಿದ್ದವನು. ಅಲ್ಲಿ ದಣಿವೇ ಚಿತ್ರ. ಆಮೇಲೆ ಕ್ರಾಂತಿ ಆಯ್ತು, ದೈನೇಕಾ ಅನ್ನೋ ಸೋವಿಯತ್ ಚಿತ್ರಕಾರ ಬಂದ. 1927ರ ಅವನ ನೇಯ್ಗೆ ಕೆಲಸದ ಹೆಣ್ಣುಮಕ್ಕಳು, ಬರಿಗಾಲು, ಬೆಳ್ಳಿ ಬಣ್ಣದ ಬೆಳಕು, ತೇಲ್ತಾ ಇದ್ದ ಹಾಗೆ. ಅದ್ಭುತವಾದ ಚಿತ್ರ, ನಾನೇನೂ ಬೈಯೋಕೆ ಬಂದಿಲ್ಲ. ಆದ್ರೆ ಸುಸ್ತು ಕಾಣಲ್ಲ ನೋಡಿ. 1932ರಲ್ಲಿ ಕಮ್ಯುನಿಸ್ಟ್ ಪಕ್ಷ ಕಲಾವಿದರ ಗುಂಪುಗಳನ್ನೆಲ್ಲ ಮುಚ್ಚಿಸ್ತು, 1934ರ ಲೇಖಕರ ಸಮ್ಮೇಳನದಲ್ಲಿ ಸಮಾಜವಾದಿ ವಾಸ್ತವವಾದ, ಅಂದ್ರೆ ಸಮಾಜವಾದ ಗೆಲ್ತಾ ಇರೋ ಹಾಗೇ ಬದುಕನ್ನ ತೋರಿಸೋದು, ಅದೇ ದಾರಿ ಅಂತಾಯ್ತು, ಅಲ್ಲಿಂದ ಮುಂದೆ ಸುಸ್ತಿಗೆ ಪರ್ಮಿಷನ್ನೇ ಇಲ್ಲ.

1935ರಲ್ಲಿ ಸ್ತಖಾನೋವ್, ಮಾದರಿ ಕಾರ್ಮಿಕ ಅಂತ ಅವರು ಮೆರೆಸಿದ ಗಣಿ ಕೆಲಸಗಾರ, ಒಂದು ಪಾಳಿಲಿ 102 ಟನ್ ಕಲ್ಲಿದ್ದಲು ತೆಗೆದ, ಇದ್ದ ಕೋಟಾ ಬರೀ 7 ಟನ್. ಹಿಂದೆ ಇಬ್ಬರು ಮರದ ಆಸರೆ ಕೊಡ್ತಾ ಬಂದಿದ್ರು, ಅವರ ಹೆಸರು ಈ ಹಾಲ್‌ನಲ್ಲಿ ಯಾರಿಗಾದ್ರೂ ಗೊತ್ತಾ? ನಮ್ಮ ವಿಧಾನಸೌಧದ ಮೇಲೂ ಸರ್ಕಾರದ ಕೆಲಸ ದೇವರ ಕೆಲಸ ಅಂತ ಕೆತ್ತಿದ್ದಾರೆ, ಕೆತ್ತಿದವನ ಹೆಸರು ಎಲ್ಲಿದೆ ಹೇಳಿ.

ಸರಿ, ನನಗಿಷ್ಟವಾದ ಕಥೆಗೆ ಬರ್ತೀನಿ, ಚೀಟಿ ಕಳಿಸ್ಬೇಡಿ. ವಿಕ್ತರ್ ಪೊಪ್ಕೋವ್, ಚಿತ್ರಕಾರ, ಸ್ಟಾಲಿನ್ ಹೋದ್ಮೇಲಿನ ತಲೆಮಾರು. ಸೈಬೀರಿಯಾದ ಅಂಗಾರಾ ನದಿಗೆ ಬ್ರಾತ್ಸ್ಕ್ ಊರಿನ ಹತ್ರ ಅಣೆಕಟ್ಟು ಕಟ್ತಿದ್ರು, ಇವನು ಹೋಗಿ ಅಲ್ಲಿನ ಕೆಲಸಗಾರರನ್ನ ಬರೆದ, 1960-61ರಲ್ಲಿ. ಐದು ಜನ, ಹಿಂದೆ ಕಪ್ಪು, ಫೋಟೋಗೆ ನಿಂತ ಹಾಗೆ ಸುಮ್ಮನೆ ನಿಂತಿದ್ದಾರೆ, ಒಬ್ಬರೂ ಕೆಲಸ ಮಾಡ್ತಿಲ್ಲ! ನಗು ಇಲ್ಲ. ಅವರಲ್ಲಿ ಕೆಲವರು ಹಿಂದೆ ಜೈಲಲ್ಲಿದ್ದವರು, ಕೈ ಮೇಲೆ ಹಚ್ಚೆ ಇತ್ತು, ಇವನು ಕಂಡಿದ್ದನ್ನ ಕಂಡ ಹಾಗೆ ಬರೆದಿದ್ದ, ಆಮೇಲೆ ಹೀಗಿದ್ರೆ ಇದನ್ನ ಯಾರೂ ತೂಗುಹಾಕಲ್ಲ ಅಂತ ಹೇಳಿಸ್ಕೊಂಡು ಆ ಹಚ್ಚೆ ಮೇಲೆ ಬಣ್ಣ ಬಳಿದ ಅನ್ನೋ ಕಥೆ ಇದೆ. ವಾಸ್ತವವಾದಕ್ಕೆ ವಾಸ್ತವ ಜಾಸ್ತಿಯಾಯ್ತು! ಚಿತ್ರ ಈಗ ಮಾಸ್ಕೋದ ತ್ರೆತ್ಯಾಕೋವ್ ಗ್ಯಾಲರೀಲಿದೆ. ಪೊಪ್ಕೋವ್ 1974ರಲ್ಲಿ ಹೋದ, ಬ್ಯಾಂಕಿನ ದುಡ್ಡು ಸಾಗಿಸೋ ಗಾಡೀನ ಟ್ಯಾಕ್ಸಿ ಅಂದ್ಕೊಂಡು ಹತ್ರ ಹೋದ, ಒಳಗಿದ್ದವನು ಗುಂಡು ಹಾರಿಸಿದ. ವಯಸ್ಸು 42.

ಹಾಂ, ಟೈಮ್ ಆಯ್ತು, ಗೊತ್ತು. ಸೋವಿಯತ್ ಶಿಲ್ಪಿ ಮುಖಿನಾ ಮಾಡಿದ ಕಾರ್ಮಿಕ ಮತ್ತು ರೈತ ಹೆಂಗಸಿನ ಉಕ್ಕಿನ ಶಿಲ್ಪ, 1937, ಪ್ಯಾರಿಸ್‌ನ ವಿಶ್ವ ಮೇಳ, ಎದುರುಗಡೆ ಹಿಟ್ಲರ್‌ನ ಜರ್ಮನಿಯ ಪೆವಿಲಿಯನ್, ಅದೊಂದೇ ಒಂದು ಗಂಟೆ ವಿಷಯ, ಬಿಡಿ. ಮೆಕ್ಸಿಕೋದ ಚಿತ್ರಕಾರ ರಿವೇರಾ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಕಾರು ಕಂಪನಿಯ ಫೋರ್ಡ್ ಮನೆತನದ ದುಡ್ಡಲ್ಲಿ ಕಾರ್ಖಾನೆ ಕಾರ್ಮಿಕರನ್ನ ಬರೆದಿದ್ದೂ ಹೇಳ್ಬೇಕಿತ್ತು, ಬೇರೆ ದಿನ. ಮುಂದಿನ ಸ್ಲೈಡ್ ಬೇಡ, ಬ್ರಾತ್ಸ್ಕ್ ಚಿತ್ರಾನೇ ಇರ್ಲಿ, ಲೈಟ್ ಆರಿಸಿ. ಪ್ರಶ್ನೆ ಕೇಳೋರು ಆ ಐದು ಜನರ ಕೈ ನೋಡ್ತಾ ಕೇಳಿ.