ಹಿಂದಕ್ಕೆ ಬರುವಾಗ ಬೇಕಾದ ಬೆಳಕು

ಕೇಳುಗರೆಲ್ಲರಿಗೂ ನಮಸ್ಕಾರ.

ಕಾಡುದಾರಿಯಲ್ಲಿ ಗಾಡಿಯನ್ನು ಮುಂದಕ್ಕೆ ಓಡಿಸುವುದಕ್ಕಿಂತ ಹಿಂದಕ್ಕೆ ತರುವುದು ಕಷ್ಟ. ಮುಂದೆ ದಾರಿ ಕುಸಿದಿದೆ, ತಿರುಗಿಸಲು ಜಾಗವಿಲ್ಲ, ಒಂದು ಕಡೆ ದಿಬ್ಬ, ಇನ್ನೊಂದು ಕಡೆ ಇಳಿಜಾರು, ಜೊತೆಗೆ ಕತ್ತಲು. ಆಗ ನೆಚ್ಚಿಕೊಳ್ಳಬೇಕಾದದ್ದು ರಿವರ್ಸ್ ದೀಪವನ್ನು. ಆದರೆ ಅನೇಕ ಗಾಡಿಗಳಲ್ಲಿ ಅಲ್ಲಿರುವುದು 21 ವ್ಯಾಟಿನ ಒಂದೋ ಎರಡೋ ಬಲ್ಬು. ಅಂಥ ಒಂದು ಬಲ್ಬು ಕೊಡುವುದು ಸುಮಾರು 460 ಲುಮೆನ್ ಬೆಳಕು, ಅದರಲ್ಲೂ ಒಂದಷ್ಟು ಲೆನ್ಸಿನಲ್ಲೇ ಕಳೆದುಹೋಗುತ್ತದೆ. ‘ಗಾಡಿ ಹಿಂದೆ ಬರುತ್ತಿದೆ’ ಎಂದು ಬೇರೆಯವರಿಗೆ ತಿಳಿಸಲು ಅಷ್ಟು ಸಾಕು. ಕಲ್ಲು ಎಲ್ಲಿದೆ, ಹಳ್ಳದ ಅಂಚು ಎಲ್ಲಿದೆ ಎಂದು ಚಾಲಕನಿಗೆ ಕಾಣಲು ಸಾಲದು. ಅದಕ್ಕಾಗಿ ಹೆಚ್ಚುವರಿ ರಿವರ್ಸ್ ದೀಪವೊಂದನ್ನು ಸರಿಯಾಗಿ ಹಾಕುವುದು ಹೇಗೆ ಎಂಬುದೇ ಈ ಹೊತ್ತಿನ ಮಾತು.

ಮೊದಲೇ ಒಂದು ಮಾತು ಸ್ಪಷ್ಟವಾಗಿರಲಿ. ಗಾಡಿಯ ಮೂಲ ರಿವರ್ಸ್ ವೈರಿನಿಂದ ಸಂಕೇತವನ್ನು ಮಾತ್ರ ತೆಗೆದುಕೊಳ್ಳಬೇಕು, ದೀಪ ಉರಿಸುವ ಕರೆಂಟನ್ನು ಅಲ್ಲ. ಹೊಸ ದೀಪಕ್ಕೆ ಬೇಕಾದ ಕರೆಂಟು ಬ್ಯಾಟರಿಯಿಂದ, ಫ್ಯೂಸ್ ಮತ್ತು ರಿಲೇ ಮೂಲಕವೇ ಬರಬೇಕು. ರಿಲೇ ಎಂದರೆ ಕಾಯಿಲ್ ಎಂಬ ತಂತಿಸುರುಳಿಗೆ ಸಣ್ಣ ಕರೆಂಟು ಕೊಟ್ಟು ದೊಡ್ಡ ಕರೆಂಟನ್ನು ಹರಿಸುವ, ನಿಲ್ಲಿಸುವ ಸ್ವಿಚ್ಚು. ಎಷ್ಟೋ ಜನ ಸುಲಭವೆಂದು ಹೊಸ ದೀಪದ ವೈರನ್ನು ಹಳೆಯ ಬಲ್ಬಿನ ವೈರಿಗೆ ನೇರವಾಗಿ ಸೇರಿಸುತ್ತಾರೆ. ದೀಪ ಉರಿಯುತ್ತದೆ ನಿಜ. ಆದರೆ ಹಳೆಯ ಮಾದರಿಯ ಮ್ಯಾನ್ಯುಯಲ್ ಗಾಡಿಗಳಲ್ಲಿ ಬಲ್ಬಿನ ಕರೆಂಟು ಹರಿಯುವುದು ಗೇರ್ ಬಾಕ್ಸಿನ ಮೇಲಿರುವ ಸಣ್ಣ ರಿವರ್ಸ್ ಸ್ವಿಚ್ಚಿನ ಮೂಲಕ. ಎರಡು ಬಲ್ಬು ಎಳೆಯುವ ಮೂರೂವರೆ ಆಂಪಿಯರಿಗೆ ಸರಿಹೋಗುವಂತೆ ಮಾಡಿದ ಸ್ವಿಚ್ಚಿನ ಮೇಲೆ ಇನ್ನೂ ಮೂರು ನಾಲ್ಕು ಆಂಪಿಯರ್ ಹೇರಿದರೆ ಅದರ ಸಂಪರ್ಕಬಿಂದುಗಳು ಕಾಲಕ್ರಮೇಣ ಸುಟ್ಟು ಕಪ್ಪಾಗುತ್ತವೆ. ಈಗಿನ ಗಾಡಿಗಳಲ್ಲಿ ಆ ವೈರನ್ನು ನೋಡಿಕೊಳ್ಳುವುದು ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆ. ಅದು ಪ್ರತಿ ಬಲ್ಬು ಎಷ್ಟು ಕರೆಂಟು ಎಳೆಯುತ್ತಿದೆ ಎಂದು ಗಮನಿಸುತ್ತಿರುತ್ತದೆ, ಲೆಕ್ಕ ತಪ್ಪಿದರೆ ಎಚ್ಚರಿಕೆ ದೀಪ ಹಚ್ಚುತ್ತದೆ, ಇಲ್ಲವೇ ಆ ವೈರಿಗೆ ಕರೆಂಟನ್ನೇ ನಿಲ್ಲಿಸುತ್ತದೆ.

ರಿಲೇ ಹಾಕಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. 12 ವೋಲ್ಟಿನ ಸಾಮಾನ್ಯ ರಿಲೇಯ ಕಾಯಿಲ್ ಎಳೆಯುವುದು ಸುಮಾರು 150 ಮಿಲಿ ಆಂಪಿಯರ್ ಮಾತ್ರ.

ಇನ್ನು ದೀಪದ ಆಯ್ಕೆ. ಕೊಂಡುಕೊಳ್ಳುವಾಗ ಎಲ್ಲರ ಕಣ್ಣೂ ಲುಮೆನ್ ಸಂಖ್ಯೆಯ ಮೇಲೆ ಹೋಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಬೆಳಕು ಹರಡುವ ಬಗೆ. ದೂರಕ್ಕೆ ಹೊಡೆಯುವ ಸ್ಪಾಟ್ ದೀಪ ಇಲ್ಲಿ ಕೆಲಸಕ್ಕೆ ಬಾರದು. ಹಿಂದಕ್ಕೆ ಬರುವಾಗ ವೇಗ ನಡಿಗೆಯಷ್ಟೇ ಇರುವುದರಿಂದ ಬೇಕಾದದ್ದು ಬಂಪರಿನಿಂದ ಒಂದು ಮೀಟರಿನಿಂದ ಹತ್ತು ಹದಿನೈದು ಮೀಟರಿನವರೆಗಿನ ನೆಲ, ಜೊತೆಗೆ ಎರಡೂ ಪಕ್ಕದ ಅಂಚು. ಆದ್ದರಿಂದ ಅಗಲವಾಗಿ ಹರಡುವ ಫ್ಲಡ್ ದೀಪವನ್ನೇ ಆರಿಸಿ. 18 ವ್ಯಾಟಿನ ಎರಡು ಎಲ್‌ಇಡಿ ದೀಪ ಸಾಕು. ಇದಕ್ಕಿಂತ ಹೆಚ್ಚಿನ ಬೆಳಕು ಧೂಳಿನಲ್ಲೂ ಮಂಜಿನಲ್ಲೂ ಗೋಡೆಯಂತೆ ಎದುರು ನಿಂತು ಕಣ್ಣು ಕುಕ್ಕುತ್ತದೆ. ಬಣ್ಣ ಬಿಳಿಯೇ ಆಗಿರಲಿ. ಆದರೆ, ಬೆಳಕಿನ ಛಾಯೆಯನ್ನು ಅಳೆಯುವ ಕೆಲ್ವಿನ್ ಮಾನದಲ್ಲಿ, ನೀಲಿ ಛಾಯೆಯ 6500 ಕೆಲ್ವಿನ್‌ಗಿಂತ 4000ದಿಂದ 5000 ಕೆಲ್ವಿನ್ ಒಳಗಿನದು ಮಣ್ಣು, ಬೇರು, ಕಲ್ಲುಗಳ ಏರಿಳಿತವನ್ನು ಚೆನ್ನಾಗಿ ತೋರಿಸುತ್ತದೆ.

ನೀರು ದಾಟುವವರು ಐಪಿ ಸಂಖ್ಯೆಯನ್ನೂ, ಅಂದರೆ ಧೂಳು ನೀರು ಒಳಹೋಗದಂತೆ ದೀಪ ಎಷ್ಟು ತಡೆಯುತ್ತದೆ ಎಂಬ ಗುರುತನ್ನೂ, ನೋಡಬೇಕು. ಐಪಿ 67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ತಡೆಯುತ್ತದೆ ಎಂದು. 69ಕೆ ಎಂದರೆ ಒತ್ತಡದ ಬಿಸಿನೀರಿನ ಜೆಟ್ ಹೊಡೆತವನ್ನು ತಾಳುತ್ತದೆ ಎಂದು. ಒಂದರ ಪರೀಕ್ಷೆ ಬೇರೆ, ಇನ್ನೊಂದರದು ಬೇರೆ, ಎರಡೂ ಇದ್ದರೆ ಒಳ್ಳೆಯದು. ಉರಿದು ಬಿಸಿಯಾದ ದೀಪ ತಣ್ಣೀರಿನಲ್ಲಿ ಮುಳುಗಿದಾಗ ಒಳಗಿನ ಗಾಳಿ ಕುಗ್ಗಿ ಹೊರಗಿನ ನೀರನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಗಾಳಿಯಾಡುವ ಪೊರೆ ಇರುವ ದೀಪ ಹೆಚ್ಚು ಬಾಳುತ್ತದೆ. ಆ ಪೊರೆಯ ಮೇಲೆ ಪೇಂಟು ಅಥವಾ ಸಿಲಿಕೋನ್ ಬಳಿಯಬೇಡಿ.

ಎಲ್ಲಿ ಕೂರಿಸಬೇಕು? ಬಂಪರಿನೊಳಗೆ ಹುದುಗಿಸಿದರೆ ಕಲ್ಲು ಕೊಂಬೆಗಳ ಏಟು ತಪ್ಪುತ್ತದೆ, ಬೆಳಕು ತಗ್ಗಿನಿಂದ ಹೊರಟು ಪ್ರತಿ ಕಲ್ಲಿನ ನೆರಳನ್ನೂ ಎದ್ದು ಕಾಣಿಸುತ್ತದೆ. ಕೆಸರು ಬೇಗ ಮೆತ್ತಿಕೊಳ್ಳುತ್ತದೆ ಎನ್ನುವುದೊಂದೇ ಕೊರತೆ. ಮೇಲಿನ ರ‍್ಯಾಕಿನಲ್ಲಿ ಕಟ್ಟಿದರೆ ದೂರ ಕಾಣುತ್ತದೆ, ಆದರೆ ಹಿಂದಿನ ಸ್ಟೆಪ್ನಿ ಚಕ್ರದ ನೆರಳು ಬೇಕಾದ ಜಾಗದ ಮೇಲೆಯೇ ಬೀಳುತ್ತದೆ, ಹಳ್ಳಗಳು ಚಪ್ಪಟೆಯಾಗಿ ತೋರುತ್ತವೆ. ನನ್ನ ಒಲವು ಬಂಪರಿನ ಕಡೆಗೇ. ಎರಡು ದೀಪಗಳನ್ನು ಎರಡು ಮೂಲೆಗೆ ಇಟ್ಟು, ಒಂದೊಂದನ್ನೂ ಹತ್ತು ಹದಿನೈದು ಡಿಗ್ರಿ ಹೊರಕ್ಕೆ, ಸ್ವಲ್ಪ ಕೆಳಕ್ಕೆ ತಿರುಗಿಸಿ. ಹಿಂಬದಿ ಕ್ಯಾಮೆರಾ ಇದ್ದರೆ ದೀಪದ ಅಂಚು ಕೂಡ ಅದರ ಚೌಕಟ್ಟಿನೊಳಗೆ ಬರಬಾರದು. ಬಂದರೆ ಕ್ಯಾಮೆರಾ ಆ ಹೊಳಪಿಗೆ ಹೊಂದಿಕೊಂಡು ಉಳಿದ ಚಿತ್ರವನ್ನೆಲ್ಲ ಕಪ್ಪಾಗಿಸುತ್ತದೆ. ರಂಧ್ರ ಕೊರೆಯುವ ಮೊದಲೇ ದೀಪವನ್ನು ಟೇಪಿನಲ್ಲಿ ಅಂಟಿಸಿ, ಕತ್ತಲಾದ ಮೇಲೆ ಉರಿಸಿ ನೋಡಿ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅನೇಕ ದೇಶಗಳು ಅನುಸರಿಸುವ ವಿಶ್ವಸಂಸ್ಥೆಯ 48ನೇ ವಾಹನ ನಿಯಮದ ಪ್ರಕಾರ ರಿವರ್ಸ್ ದೀಪ ಬಿಳಿಯಾಗಿರಬೇಕು, ನೆಲದಿಂದ 250ರಿಂದ 1200 ಮಿಲಿಮೀಟರ್ ಎತ್ತರದೊಳಗೆ ಇರಬೇಕು, ರಿವರ್ಸ್ ಗೇರ್ ಬಿದ್ದಾಗ ಮಾತ್ರ ಉರಿಯಬೇಕು. ಒಪ್ಪಿಗೆ ಪಡೆದ ದೀಪದ ಲೆನ್ಸಿನ ಮೇಲೆ ‘ಎಆರ್’ ಎಂಬ ಗುರುತು ಇರುತ್ತದೆ. ಈ ಗುರುತಿಲ್ಲದ ಅಥವಾ ರ‍್ಯಾಕಿನ ಮೇಲಿರುವ ದೀಪವನ್ನು ಕೆಲಸದ ದೀಪ ಎಂದೇ ಭಾವಿಸಿ, ಸಾರ್ವಜನಿಕ ರಸ್ತೆಯಲ್ಲಿ ಆರಿಸಿಯೇ ಇಡಬೇಕು. ಅದಕ್ಕಾಗಿಯೇ ಚಾಲಕನ ಕೈಗೆಟಕುವಂತೆ ಒಂದು ಸ್ವಿಚ್ಚು ಬೇಕು.

ಈಗ ವೈರಿಂಗ್. ಕೈಯಲ್ಲಿ ಕಾಗದ ಪೆನ್ನು ಇದ್ದರೆ ನಾಲ್ಕು ಸಂಖ್ಯೆ ಬರೆದುಕೊಳ್ಳಿ: 30, 87, 85, 86. ಇವು ರಿಲೇಯ ಕಾಲುಗಳ ಮೇಲೆ ಅಚ್ಚಾಗಿರುತ್ತವೆ. 30ಕ್ಕೆ ಬ್ಯಾಟರಿಯ ಪ್ಲಸ್, ಫ್ಯೂಸ್ ಮೂಲಕ. 87ರಿಂದ ದೀಪಗಳ ಪ್ಲಸ್. 85 ಅರ್ಥಿಗೆ, ಅಂದರೆ ಗಾಡಿಯ ಲೋಹದ ಮೈಗೆ. 86 ಸ್ವಿಚ್ಚಿನಿಂದ ಬರುವ ಸಂಕೇತಕ್ಕೆ. ಐದು ಕಾಲಿನ ರಿಲೇಯಾದರೆ ನಡುವೆ 87ಎ ಎಂದು ಇನ್ನೊಂದು ಕಾಲಿರುತ್ತದೆ, ಅದನ್ನು ಖಾಲಿ ಬಿಡಿ. ತಪ್ಪಿ ದೀಪವನ್ನು ಅದಕ್ಕೆ ಸೇರಿಸಿದರೆ ದೀಪ ಸದಾ ಉರಿಯುತ್ತಿದ್ದು, ರಿವರ್ಸ್ ಹಾಕಿದಾಗ ಮಾತ್ರ ಆರುತ್ತದೆ.

18 ವ್ಯಾಟಿನ ಎರಡು ದೀಪ ಎಂದರೆ 36 ವ್ಯಾಟ್, 12 ವೋಲ್ಟಿನಲ್ಲಿ 3 ಆಂಪಿಯರ್. ಇದಕ್ಕೆ 5 ಆಂಪಿಯರ್ ಫ್ಯೂಸ್ ಸರಿ. ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಹಾಕಬೇಕು, ಏಕೆಂದರೆ ಫ್ಯೂಸ್ ಕಾಯುವುದು ದೀಪವನ್ನಲ್ಲ, ವೈರನ್ನು. ಫ್ಯೂಸಿಗೂ ಬ್ಯಾಟರಿಗೂ ನಡುವಿನ ವೈರು ಎಲ್ಲಾದರೂ ಗಾಡಿಯ ಲೋಹದ ಮೈಗೆ ತಾಗಿದರೆ ತಡೆಯುವವರಿಲ್ಲ, ಬೆಂಕಿಯೇ ಗತಿ. ವೈರು 1.5 ಚದರ ಮಿಲಿಮೀಟರಿನ ತಾಮ್ರದ್ದಿರಲಿ. ಹೋಗುವ ಐದು ಮೀಟರು, ಬರುವ ಐದು ಮೀಟರು ಲೆಕ್ಕ ಹಾಕಿದರೆ ಅದರಲ್ಲಿ ಕಳೆಯುವುದು ಸುಮಾರು ಮೂರನೇ ಒಂದು ವೋಲ್ಟ್. ಅರ್ಧ ಚದರ ಮಿಲಿಮೀಟರಿನ ವೈರಾದರೆ ಪೂರ್ತಿ ಒಂದು ವೋಲ್ಟ್ ಕಳೆಯುತ್ತದೆ. ಸಂಕೇತದ ವೈರಿಗೆ 0.75 ಚದರ ಮಿಲಿಮೀಟರ್ ಸಾಕು, ಅದು ಕವಲೊಡೆಯುವ ಜಾಗದಲ್ಲೇ 1 ಆಂಪಿಯರಿನ ಸಣ್ಣ ಫ್ಯೂಸ್ ಹಾಕಿ. ಹೊಸ ವೈರಿಂಗಿನಲ್ಲಿ ಶಾರ್ಟ್ ಆದರೆ ಗಾಡಿಯ ಮೂಲ ಫ್ಯೂಸ್ ಹೋಗುವ ಬದಲು ಇದು ಹೋಗುತ್ತದೆ.

ರಿಲೇ ಕಾಯಿಲಿಗೆ ಅಡ್ಡಲಾಗಿ 1ಎನ್4007 ಎಂಬ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡನ್ನು, ಪಟ್ಟೆ ಇರುವ ತುದಿ 86ರ ಕಡೆಗೆ ಬರುವಂತೆ ಸೇರಿಸಿ. ಕಾಯಿಲ್ ಆರುವ ಗಳಿಗೆಯಲ್ಲಿ ಹುಟ್ಟುವ ದೊಡ್ಡ ವೋಲ್ಟೇಜಿನ ಹೊಡೆತ ಗಾಡಿಯ ಎಲೆಕ್ಟ್ರಾನಿಕ್ಸನ್ನು ಮುಟ್ಟದಂತೆ ಅದು ತಡೆಯುತ್ತದೆ. ಡಯೋಡ್ ಒಳಗೇ ಇರುವ ರಿಲೇಗಳೂ ಸಿಗುತ್ತವೆ. ಅವುಗಳಲ್ಲಿ 85 ಮತ್ತು 86 ಅದಲುಬದಲಾದರೆ ಸಂಕೇತದ ಫ್ಯೂಸ್ ಕೂಡಲೇ ಹೋಗುತ್ತದೆ.

ಹೆಚ್ಚು ಜನ ಎಡವುವುದು ಸ್ವಿಚ್ಚಿನಲ್ಲಿ. ಬೇಕಾದದ್ದು ಮೂರು ಸ್ಥಾನದ, ಮೂರು ಕಾಲಿನ ಸ್ವಿಚ್ಚು: ಒಂದು ಕಡೆ ಆನ್, ನಡುವೆ ಆಫ್, ಇನ್ನೊಂದು ಕಡೆ ಆನ್. ನಡುವಿನ ಕಾಲನ್ನು ರಿಲೇಯ 86ಕ್ಕೆ ಸೇರಿಸಿ. ಒಂದು ಪಕ್ಕದ ಕಾಲಿಗೆ ರಿವರ್ಸ್ ಸಂಕೇತ. ಇನ್ನೊಂದು ಪಕ್ಕದ ಕಾಲಿಗೆ, ಕೀ ತಿರುಗಿಸಿದಾಗ ಮಾತ್ರ ಜೀವ ಬರುವ ಪ್ಲಸ್ ವೈರು, ಅದಕ್ಕೂ 1 ಆಂಪಿಯರ್ ಫ್ಯೂಸ್. ಆಗ ಒಂದು ಸ್ಥಾನದಲ್ಲಿ ಗೇರಿನ ಜೊತೆ ತಾನಾಗಿ ಉರಿಯುತ್ತದೆ, ಇನ್ನೊಂದರಲ್ಲಿ ಡೇರೆ ಹಾಕುವಾಗಲೋ ವಿಂಚ್ ಎಳೆಯುವಾಗಲೋ ಗೇರಿನ ಹಂಗಿಲ್ಲದೆ ಉರಿಯುತ್ತದೆ, ನಡುವೆ ಪೂರ್ತಿ ಆಫ್. ಇದರ ಬದಲು ಎರಡು ಕಾಲಿನ ಸಾದಾ ಸ್ವಿಚ್ಚಿನಿಂದ ಪ್ಲಸ್ಸನ್ನು ರಿವರ್ಸ್ ವೈರಿಗೇ ಸೇರಿಸುವವರಿದ್ದಾರೆ. ಹಾಗೆ ಮಾಡಿದರೆ ಕರೆಂಟು ಹಿಮ್ಮುಖವಾಗಿ ಹರಿದು ಮೂಲ ರಿವರ್ಸ್ ದೀಪವನ್ನೂ ಉರಿಸುತ್ತದೆ, ಪರದೆಯಲ್ಲಿ ಕ್ಯಾಮೆರಾ ಚಿತ್ರ ಮೂಡಬಹುದು, ನಿಯಂತ್ರಣ ಪೆಟ್ಟಿಗೆಯೇ ಕೆಡಬಹುದು. ಕೈ ಸ್ವಿಚ್ಚಿಗೆ ಬ್ಯಾಟರಿಯ ನೇರ ಪ್ಲಸ್ ಕೊಡುವುದೂ ಬೇಡ. ಆರಿಸಲು ಮರೆತ ದೀಪ 12 ಗಂಟೆಯಲ್ಲಿ 36 ಆಂಪಿಯರ್ ಅವರ್ ತಿಂದಿರುತ್ತದೆ, ಬೆಳಿಗ್ಗೆ ಸ್ಟಾರ್ಟ್ ಆಗುವುದು ಸಂಶಯ.

ನಡುವಿನ ಆಫ್ ಸ್ಥಾನಕ್ಕೆ ಇನ್ನೊಂದು ಉಪಯೋಗವೂ ಇದೆ. ಆಟೊಮ್ಯಾಟಿಕ್ ಗೇರಿನಲ್ಲಿ ಪಾರ್ಕಿನಿಂದ ಡ್ರೈವಿಗೆ ಬರುವಾಗ ಲಿವರ್ ರಿವರ್ಸನ್ನು ಹಾದು ಬರುತ್ತದೆ. ಆ ಒಂದು ಕ್ಷಣದಲ್ಲಿ ಹಿಂದೆ ನಿಂತವರ ಮುಖಕ್ಕೆ ಪೂರ್ತಿ ಬೆಳಕು ರಾಚುತ್ತದೆ.

ರಿವರ್ಸ್ ವೈರನ್ನು ಹುಡುಕಲು ಚಕ್ರಗಳಿಗೆ ಅಡ್ಡಗಲ್ಲು ಕೊಡಿ, ಹ್ಯಾಂಡ್ ಬ್ರೇಕ್ ಎಳೆಯಿರಿ, ಎಂಜಿನ್ ಆಫ್ ಇದ್ದು ಕೀ ಮಾತ್ರ ಆನ್ ಇರಲಿ. ಆಟೊಮ್ಯಾಟಿಕ್ ಆದರೆ ಫುಟ್ ಬ್ರೇಕ್ ಒತ್ತಲು ಜೊತೆಗೊಬ್ಬರು ಬೇಕು. ರಿವರ್ಸ್ ಗೇರ್ ಹಾಕಿ, ಹಿಂದಿನ ದೀಪದ ಸಾಕೆಟ್ಟಿನ ವೈರುಗಳನ್ನು ಒಂದೊಂದಾಗಿ ಮಲ್ಟಿಮೀಟರಿನಿಂದ ನೋಡಿ. ಗೇರ್ ಬಿದ್ದಾಗ 12 ವೋಲ್ಟ್, ತೆಗೆದಾಗ ಸೊನ್ನೆ ತೋರಿಸುವುದೇ ಬೇಕಾದ ವೈರು. 13 ಪಿನ್ನಿನ ಟ್ರೇಲರ್ ಸಾಕೆಟ್ ಇರುವ ಗಾಡಿಯಲ್ಲಿ 8ನೇ ಪಿನ್ನಿನಲ್ಲಿ ಇದೇ ಸಂಕೇತ ಸಿಗುತ್ತದೆ. ಮೀಟರು 12ರ ಬದಲು ಏಳೋ ಎಂಟೋ ವೋಲ್ಟ್ ತೋರಿಸಿದರೆ, ಅಥವಾ ರಿಲೇ ಸೇರಿಸಿದಾಗ ಅದು ಗರಗರ ಸದ್ದು ಮಾಡಿದರೆ, ಆ ಗಾಡಿ ಬಲ್ಬಿಗೆ ಕರೆಂಟನ್ನು ಸೆಕೆಂಡಿಗೆ ಎಷ್ಟೋ ಬಾರಿ ಕಡಿದು ಕಡಿದು ಕೊಡುತ್ತಿದೆ ಎಂದು ಅರ್ಥ. ಅಲ್ಲಿ ಸಾದಾ ರಿಲೇ ಬಾಳದು. ಅಂಥ ಕರೆಂಟನ್ನು ಸಮಮಾಡಿ ಕೆಲಸ ಮಾಡುವ ರಿಲೇ ಮಾಡ್ಯೂಲನ್ನೇ ಹಾಕಬೇಕು.

ಸಂಕೇತದ ವೈರು ಗೊತ್ತಾದ ಮೇಲೆ ಬ್ಯಾಟರಿಯ ಮೈನಸ್ ಕಳಚಿಟ್ಟು ಕೆಲಸ ಶುರುಮಾಡಿ. ವೈರಿನ ಸಿಪ್ಪೆಯನ್ನು ಕೊರೆದು ಕಚ್ಚಿಕೊಳ್ಳುವ ದಿಢೀರ್ ಕ್ಲಿಪ್ಪುಗಳನ್ನು ಗಾಡಿಯ ಅಡಿಯಲ್ಲಿ ಬಳಸಬೇಡಿ. ಅವು ಒಂದೆರಡು ಎಳೆಗಳನ್ನು ಕತ್ತರಿಸುತ್ತವೆ, ಆ ಗಾಯದಿಂದ ನೀರು ಒಳಗೆ ನುಗ್ಗಿ ತಾಮ್ರ ಹಸಿರುಗಟ್ಟುತ್ತದೆ. ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್ ಕೊಳವೆ ಹೊದಿಸಿದ, ಒತ್ತಿ ಬಿಗಿಯುವ ಕ್ರಿಂಪ್ ಜೋಡಣೆ ಒಳ್ಳೆಯದು. ಬೆಸುಗೆ ಹಾಕಿದರೆ ಸೀಸ ಎಳೆಗಳೊಳಗೆ ಹರಿದು ವೈರು ಕಡ್ಡಿಯಂತೆ ಬಿಗಿಯಾಗುತ್ತದೆ, ಆ ಬಿಗಿ ಮುಗಿಯುವಲ್ಲಿ ಅಲುಗಾಟಕ್ಕೆ ಮುರಿಯುತ್ತದೆ. ಬೆಸೆಯಲೇಬೇಕಾದರೆ ಎರಡೂ ಕಡೆ ವೈರನ್ನು ಅಲುಗದಂತೆ ಕಟ್ಟಿ.

ವೈರನ್ನು ಸುಕ್ಕುಪೈಪಿನಲ್ಲಿ ಹಾಕಿ ಚಾಸಿಯ ಮೂಲ ವೈರಿಂಗ್ ಹೋದ ದಾರಿಯಲ್ಲೇ ಒಯ್ಯಿರಿ, ಗೇಣು ಗೇಣಿಗೊಂದು ಕ್ಲಾಂಪು ಇರಲಿ. ಸೈಲೆನ್ಸರ್ ಪೈಪು, ಪ್ರೊಪೆಲ್ಲರ್ ಶಾಫ್ಟ್, ಮೇಲೆ ಕೆಳಗೆ ಆಡುವ ಆಕ್ಸಲ್, ಬ್ರೇಕ್ ಮತ್ತು ಇಂಧನದ ಕೊಳವೆಗಳಿಂದ ದೂರ. ಬಾಡಿ ಬೇರೆ ಚಾಸಿ ಬೇರೆ ಇರುವ ಗಾಡಿಯಲ್ಲಿ ಎರಡೂ ಒಂದಕ್ಕೊಂದು ಸರಿದಾಡುವುದರಿಂದ ವೈರು ಒಂದರಿಂದ ಇನ್ನೊಂದಕ್ಕೆ ದಾಟುವಲ್ಲಿ ಸಡಿಲವಾಗಿ ಒಂದು ಸುತ್ತು ಬಿಡಿ. ತಗಡಿನ ರಂಧ್ರದಲ್ಲಿ ರಬ್ಬರ್ ಗ್ರೊಮೆಟ್ ಇಲ್ಲದೆ ವೈರು ಹಾಯಿಸಬಾರದು. ಕೊರೆಯುವ ಮುನ್ನ ಹಿಂದೆ ಇಂಧನ ಟ್ಯಾಂಕು ಇದೆಯೇ ಎಂದು ಕೈಯಾಡಿಸಿ ನೋಡಿ.

ಅರ್ಥಿಂಗಿಗೆ ಪೇಂಟನ್ನು ಕೆರೆದು ಹೊಳೆಯುವ ಲೋಹ ಕಂಡ ಮೇಲೆ ಹಲ್ಲಿನ ವಾಷರ್ ಹಾಕಿ ಬಿಗಿಯಿರಿ, ಬಿಗಿದಾದ ಮೇಲೆ ಗ್ರೀಸೋ ಪೇಂಟೋ ಬಳಿಯಿರಿ. ಬ್ಯಾಟರಿಯ ಮೈನಸ್ ಕಂಬದ ಮೇಲೆ ಸೆನ್ಸರ್ ಇರುವ ಗಾಡಿಯಲ್ಲಿ ನೇರ ಕಂಬಕ್ಕೆ ಸೇರಿಸದೆ ಚಾಸಿಗೇ ಸೇರಿಸಬೇಕು.

ಎಲ್ಲ ಮುಗಿದ ಮೇಲೆ ದೀಪ ಉರಿಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ದೀಪದ ಮೈನಸ್ಸಿಗೂ ಇನ್ನೊಂದನ್ನು ಬ್ಯಾಟರಿಯ ಮೈನಸ್ಸಿಗೂ ಇಡಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥಿಂಗ್ ಸರಿಯಿಲ್ಲ. ದೀಪ ಉರಿದಾಗ ರೇಡಿಯೊ ಅಥವಾ ವೈರ್‌ಲೆಸ್ ಸೆಟ್ ಕರಕರ ಎಂದರೆ ಅದು ಎಲ್‌ಇಡಿಯೊಳಗಿನ ಕರೆಂಟನ್ನು ಹದಗೊಳಿಸುವ ಡ್ರೈವರ್ ಸರ್ಕ್ಯೂಟಿನ ಗದ್ದಲ. ಪ್ಲಸ್ ಮೈನಸ್ ವೈರುಗಳನ್ನು ಒಂದಕ್ಕೊಂದು ಹೆಣೆದು ಆಂಟೆನಾ ಕೇಬಲಿನಿಂದ ದೂರ ಸರಿಸಿ, ದೀಪದ ಹತ್ತಿರ ಫೆರೈಟ್ ಉಂಗುರ ಹಾಕಿದರೆ ಸಾಕಷ್ಟು ತಗ್ಗುತ್ತದೆ. ಮೊದಲ ಕೆಸರು ದಾರಿ ಮುಗಿಸಿ ಬಂದ ಮೇಲೆ ದೀಪದ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ, ಕ್ಲಾಂಪುಗಳನ್ನು ಕೈಯಿಂದ ಎಳೆದು ನೋಡಿ, ಲೆನ್ಸಿನೊಳಗೆ ಹಬೆ ಕಟ್ಟಿದೆಯೇ ಎಂದು ಗಮನಿಸಿ. ಹಬೆ ಒಂದೆರಡು ದಿನದಲ್ಲಿ ತಾನಾಗಿ ಮಾಯವಾದರೆ ಚಿಂತೆಯಿಲ್ಲ. ಹನಿಯಾಗಿ ತಳದಲ್ಲಿ ನಿಂತರೆ ಸೀಲ್ ಹೋಗಿದೆ, ಆ ದೀಪವನ್ನು ಬದಲಿಸಬೇಕು.

ನಮಸ್ಕಾರ.